ಹದಿನಾರರ ಪಕ್ಕದ ಮೂರು ಸೊನ್ನೆ

ಮೂವತ್ತೊಂದು ವರ್ಷ ಇಡೀ ಊರಿಗೆ ನೀರು ಬಿಟ್ಟವನಿಗೆ ಹನ್ನೆರಡು ಮನೆಗೆ ಇಂಟರ್ನೆಟ್ ಬಿಡುವುದು ಏನು ಮಹಾ ಎಂದು ವಾಲ್ವ್ ಸಾಹೇಬರು ತಾರಸಿಯ ಮೇಲಿನ ಸಭೆಯಲ್ಲಿ ಎದ್ದು ನಿಂತು ಹೇಳಿದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ಹನ್ನೊಂದು ದಿನದಿಂದ ಅವರೊಡನೆ ಯಾರೂ ಮಾತಾಡಿರಲಿಲ್ಲ. ಬೆಳಿಗ್ಗೆ ಹಾಲಿನವನು "ಒಂದಾ?" ಎನ್ನುವುದೂ ಇವರು "ಒಂದೇ" ಎನ್ನುವುದೂ ಈ ಲೆಕ್ಕದಲ್ಲಿ ಸೇರಿಲ್ಲ; ಅದನ್ನು ಮಾತು ಎಂದು ಕರೆದರೆ ಭಾಷೆಗೇ ಅವಮಾನ. ಹನ್ನೆರಡನೆಯ ದಿನ ಭಾನುವಾರ. ಕಟ್ಟಡದವರೆಲ್ಲ ಸೇರಿದ್ದರು. ಬಾಯಿ ತಾನಾಗಿ ತೆರೆದುಕೊಂಡಿತು, ಅದರಿಂದ ಈ ಮಾತು ಹೊರಬಿತ್ತು.

ಸಾಹೇಬರು ನೀರು ಸರಬರಾಜು ಇಲಾಖೆಯಲ್ಲಿ ವಾಲ್ವ್ ತಿರುಗಿಸುವ ಕೆಲಸಕ್ಕೆ ಸೇರಿ, ವಾಲ್ವ್ ತಿರುಗಿಸುವವರ ಮೇಲ್ವಿಚಾರಕರಾಗಿ ನಿವೃತ್ತರಾದವರು. ಯಾವ ಬೀದಿಗೆ ಎಷ್ಟು ಸುತ್ತು ಎಂಬುದು ಅವರ ಬಲಗೈ ಮಣಿಕಟ್ಟಿಗೆ ಬಾಯಿಪಾಠ. ಮದುವೆ ಆಗಿರಲಿಲ್ಲ. ಆಗಬಾರದು ಎಂದೇನೂ ಇರಲಿಲ್ಲ. ಹೆಣ್ಣು ನೋಡಲು ಹೊರಟಾಗಲೆಲ್ಲ ಎಲ್ಲಾದರೊಂದು ಕಡೆ ಪೈಪು ಒಡೆಯುತ್ತಿತ್ತು. ಐದು ಸಲ ಹೊರಟರು, ಐದು ಸಲವೂ ಒಡೆಯಿತು. ಆರನೆಯ ಸಲ ಇಲಾಖೆಯ ಇಂಜಿನಿಯರರೇ "ದಯವಿಟ್ಟು ಹೋಗಬೇಡಿ, ಬೇಸಿಗೆ ಇದೆ" ಎಂದು ಕೈಮುಗಿದರಂತೆ. ಹೀಗಾಗಿ ನೆಲಮಹಡಿಯ ಮೂರನೆಯ ನಂಬರಿನ ಮನೆಯಲ್ಲಿ ಅವರೊಬ್ಬರೇ ಇದ್ದರು. ಕುರ್ಚಿ ನಾಲ್ಕಿದ್ದವು. ಮೂರು ಹೊಸದಾಗಿಯೇ ಉಳಿದಿದ್ದವು.

ಸಭೆ ಸೇರಿದ್ದು ಎಂಟನೆಯ ನಂಬರಿನ ಮನೆಯ ಮೇಲಿನ ದೂರಿಗಾಗಿ. ಹನ್ನೆರಡು ಮನೆಗೂ ಸೇರಿ ಒಂದೇ ಇಂಟರ್ನೆಟ್ ಲೈನು. ಮೆಟ್ಟಿಲ ಕೆಳಗಿನ ಕಬ್ಬಿಣದ ಬೀರುವಿನಲ್ಲಿ ರೂಟರ್ ಎಂಬ ಕಪ್ಪು ಪೆಟ್ಟಿಗೆ, ಅದರಿಂದ ಮನೆಗೊಂದರಂತೆ ಹನ್ನೆರಡು ತಂತಿ, ಪ್ರತಿ ತಂತಿಯ ತುದಿಗೂ ಮನೆಯೊಳಗೆ ಒಂದು ವೈಫೈ ಡಬ್ಬಿ. ಎಂಟನೆಯ ನಂಬರಿನವರು ಮದುವೆಗಳ ವೀಡಿಯೋ ತೆಗೆಯುವವರು. ಅವರು ಒಂದು ಮದುವೆಯನ್ನು ಇಂಟರ್ನೆಟ್ಟಿಗೆ ಏರಿಸಲು ಕೂತರೆಂದರೆ ಉಳಿದ ಹನ್ನೊಂದು ಮನೆಯಲ್ಲಿ ಎಲ್ಲವೂ ನಿಂತುಹೋಗುತ್ತಿತ್ತು. ಕಟ್ಟಡದ ಎರಡೂ ಬದಿಗೆ ಎತ್ತರದ ಗೋಡೆಗಳಿದ್ದುದರಿಂದ ಮೊಬೈಲಿನಲ್ಲಿ ಮಾತಾಡುವಷ್ಟು ಸಿಗ್ನಲ್ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

"ಇಷ್ಟೇ ತಾನೆ?" ಎಂದರು ಸಾಹೇಬರು. "ಬ್ಯಾಂಡ್‌ವಿಡ್ತ್ ಅಂದ್ರೆ ಏನು? ಪೈಪಿನ ಅಗಲ. ಒಂದು ಮನೆಯವ್ರು ಮೋಟಾರ್ ಹಾಕಿ ಎಳೆದ್ರೆ ಮಿಕ್ಕವ್ರಿಗೆ ನೀರೆಲ್ಲಿಂದ ಬರುತ್ತೆ? ರೂಟರ್ ಒಳಗೆ ಪ್ರತಿ ತಂತಿಗೂ ಒಂದು ಮಿತಿ ಹಾಕ್ಬೋದು. ಆಮೇಲೆ ಎಲ್ರೂ ಕ್ಯೂನಲ್ಲಿ ಬರ್ತಾರೆ."

ಇದೆಲ್ಲ ಅವರಿಗೆ ಗೊತ್ತಿದ್ದದ್ದು ಹೇಗೆಂದರೆ, ರೂಟರಿನ ಜೊತೆ ಬಂದ ಕೈಪಿಡಿ ಬೀರುವಿನಲ್ಲೇ ಬಿದ್ದಿತ್ತು. ಸಾಹೇಬರು ಅದನ್ನು ಮನೆಗೆ ತಂದು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದ್ದರು. ಒಂಟಿಯಾಗಿರುವವರು ಏನೇನು ಓದುತ್ತಾರೆ ಎಂಬುದನ್ನು ಇನ್ನೂ ಯಾರೂ ಸರಿಯಾಗಿ ಸಂಶೋಧನೆ ಮಾಡಿಲ್ಲ.

ಕಟ್ಟಡದ ಸೆಕ್ರೆಟರಿಗೆ ಸಂತೋಷವಾಯಿತು. ಅವರಿಗೆ ಸಂತೋಷವಾದರೆ ಸುತ್ತೋಲೆ ಹೊರಡಿಸುತ್ತಿದ್ದರು, ದುಃಖವಾದರೂ ಅದನ್ನೇ ಮಾಡುತ್ತಿದ್ದರು. ಅಂದೇ ಸಂಜೆ ಮೆಟ್ಟಿಲ ಬಳಿ ಅಂಟಿಸಿದರು: "ನಾಳೆಯಿಂದ ಇಂಟರ್ನೆಟ್ಟನ್ನು ಕ್ಯೂ ಪದ್ಧತಿಯಲ್ಲಿ ವಿತರಿಸಲಾಗುವುದು. ನಿವಾಸಿಗಳು ಸಹಕರಿಸಬೇಕಾಗಿ ಕೋರಿಕೆ."

ಸೋಮವಾರ ಬೆಳಿಗ್ಗೆ ಏಳಕ್ಕೆ ಸಾಹೇಬರು ಬೀರುವಿನ ಬೀಗ ತೆಗೆಯಲು ಬಂದಾಗ ಅದರ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಸೆಕ್ರೆಟರಿಯ ಅತ್ತೆ. ಎಪ್ಪತ್ತೆಂಟು ವರ್ಷದ ಅಜ್ಜಿ. ಒಂದು ಕಾಲಕ್ಕೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ಮೂರು ತಲೆಮಾರನ್ನು ನಡುಗಿಸಿದವರು. ಕೊರಳಲ್ಲಿ ಭೂತಕನ್ನಡಿ ತೂಗುತ್ತಿತ್ತು, ಕೈಯಲ್ಲಿ ದೊಡ್ಡ ಫೋನು ಇತ್ತು.

"ಅಮ್ಮಾ, ಇಲ್ಲಿ ಯಾಕೆ ಕೂತ್ಕೊಂಡಿದೀರಾ?"

"ಕ್ಯೂ ಅಂತ ಬರ್ದಿದ್ರಲ್ಲಪ್ಪ. ನಾನೇ ಮೊದ್ಲು. ಯಾರನ್ನೂ ನಡುವೆ ತೂರಿಸ್ಬೇಡ."

ಆ ಕ್ಯೂ ರೂಟರಿನ ಒಳಗೆ, ಹೊರಗಲ್ಲ ಎಂದು ತಿಳಿಸಿ ಹೇಳಲು ಸಾಹೇಬರಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಹತ್ತು ನಿಮಿಷದಲ್ಲಿ ಹೇಳಬಹುದಿತ್ತು. ಅಜ್ಜಿ ಕೇಳುತ್ತಾ ಹೋದರು, ಇವರು ಹೇಳುತ್ತಾ ಹೋದರು.

ಸೆಕ್ರೆಟರಿ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಸಾಹೇಬರು ರೂಟರಿನ ಪುಟ ತೆರೆದರು. ಹನ್ನೆರಡು ತಂತಿಗೆ ಹನ್ನೆರಡು ಸಾಲು. ಒಂದೊಂದು ಸಾಲಿನ ಎದುರಿಗೂ ಮಿತಿ ಬರೆಯಲು ಒಂದು ಖಾಲಿ ಚೌಕ. ಒಟ್ಟು ಲೈನು ಇನ್ನೂರು ಮೆಗಾಬಿಟ್. ಅವರು ಹಾಳೆಯ ಮೇಲೆ ಗುಣಿಸಿದರು: ಮನೆಗೆ ಹದಿನಾರರಂತೆ ಹನ್ನೆರಡು ಮನೆಗೆ ನೂರಾ ತೊಂಬತ್ತೆರಡು. ಉಳಿದ ಎಂಟನ್ನು "ಸೋರಿಕೆ" ಎಂದು ಬರೆದಿಟ್ಟರು. ಇಂಟರ್ನೆಟ್ ಸೋರುತ್ತದೆಯೇ ಎಂದು ಯಾರೂ ಕೇಳಬಾರದು. ಮೂವತ್ತೊಂದು ವರ್ಷದ ಸೇವೆಯಲ್ಲಿ ಸೋರದ ಪೈಪನ್ನು ಅವರು ಕಂಡಿರಲಿಲ್ಲ.

ಹನ್ನೊಂದು ಚೌಕದಲ್ಲಿ ಹದಿನಾರು, ಹದಿನಾರು ಎಂದು ತುಂಬಿದರು. ತಮ್ಮದೇ ಮೂರನೆಯ ಚೌಕಕ್ಕೆ ಬಂದಾಗ ಕೈ ತಡೆಯಿತು. ಅಧಿಕಾರದಲ್ಲಿರುವವನು ತನ್ನ ಪಾಲನ್ನು ತಾನೇ ಬರೆದುಕೊಳ್ಳಬಾರದು. ಎಲ್ಲರೂ ತೆಗೆದುಕೊಂಡು ಉಳಿದದ್ದು ತನಗಿರಲಿ ಎಂದು ಆ ಚೌಕವನ್ನು ಖಾಲಿ ಬಿಟ್ಟು ಗುಂಡಿ ಒತ್ತಿದರು.

ಇಲ್ಲಿ ಎರಡು ವಿಷಯ ತಿಳಿದಿರಬೇಕು. ಚೌಕಗಳ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಬರೆಯಬೇಕಾದದ್ದು ಕಿಲೋಬಿಟ್ ಲೆಕ್ಕದಲ್ಲಿ ಎಂದಿತ್ತು. ಅಂದರೆ ಹದಿನಾರಲ್ಲ, ಹದಿನಾರು ಸಾವಿರ ಬರೆಯಬೇಕಿತ್ತು. ಹಾಗೆಯೇ ಖಾಲಿ ಬಿಟ್ಟ ಚೌಕವನ್ನು ರೂಟರ್ ವಿನಯ ಎಂದು ತಿಳಿಯುವುದಿಲ್ಲ. ಮಿತಿಯೇ ಇಲ್ಲ ಎಂದು ತಿಳಿಯುತ್ತದೆ. ಹೀಗೆ ಸಾಹೇಬರು ತಮ್ಮ ತ್ಯಾಗಬುದ್ಧಿಯಿಂದ ಹನ್ನೊಂದು ಮನೆಗೆ ತೊಟ್ಟು ತೊಟ್ಟಾಗಿ, ತಮ್ಮೊಬ್ಬರ ಮನೆಗೆ ಹೊಳೆಯನ್ನೇ ತಿರುಗಿಸಿಬಿಟ್ಟಿದ್ದರು.

ಮಂಗಳವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಸಾಹೇಬರು ಎರಡನೆಯ ಬಡಿತಕ್ಕೆ ಎದ್ದರು. ಮೊದಲನೆಯದು ಪಕ್ಕದ ಮನೆಯ ಬಾಗಿಲಿನದು ಎಂದುಕೊಂಡಿದ್ದರು. ಬಂದಿದ್ದವರು ಪಕ್ಕದ ಮನೆಯವರೇ, ವಯಲಿನ್ ಟೀಚರ್. ಫೋನಿನಲ್ಲಿ ಮುಖ ನೋಡಿಕೊಂಡು ಹದಿನಾಲ್ಕು ಮಂದಿಗೆ ಪಾಠ ಹೇಳುವವರು.

"ಸಾಹೇಬ್ರೇ, ನಾನು ನುಡ್ಸಿದ್ದು ನಿನ್ನೆ, ಅವ್ರಿಗೆ ಕೇಳ್ಸಿದ್ದು ಇವತ್ತು! ಒಬ್ಬಳು ಆಗ್ಲೇ ಬೇರೆ ಟೀಚರ್ ಹುಡುಕ್ತೀನಿ ಅಂತಿದಾಳೆ."

"ಮೊದಲನೇ ದಿನ ಗಾಳಿ ಬರುತ್ತೆ ಮೇಡಂ," ಎಂದರು ಸಾಹೇಬರು ಗಂಭೀರವಾಗಿ. "ಎರಡು ದಿನ ಬಿಟ್ರೆ ಧಾರೆ ಸರಿಹೋಗುತ್ತೆ."

ಅಜ್ಜಿ ಬಂದರು. ಅವರ ಮೊಮ್ಮಗಳ ಚಿತ್ರ ಬರತೊಡಗಿ ಒಂದು ದಿನವಾಗಿತ್ತಂತೆ. "ನಿನ್ನೆ ಕೂದಲು ಬಂತು. ಇವತ್ತು ಹುಬ್ಬಿನವರೆಗೂ ಬಂದಿದಾಳೆ. ಅವಳು ನಗ್ತಿದಾಳೋ ಅಳ್ತಿದಾಳೋ ತಿಳಿಯೋಕೆ ಶುಕ್ರವಾರ ಆಗುತ್ತೆ." ವೀಡಿಯೋದವರು ಬಂದರು. ಅವರಲ್ಲಿ ಒಂದು ಮದುವೆ ಹೋಗುತ್ತಿತ್ತು. ಪರದೆಯ ಮೇಲೆ ಉಳಿದ ಸಮಯ ತೋರಿಸಿದರು: ಹನ್ನೊಂದು ತಿಂಗಳು. "ಅಷ್ಟರಲ್ಲಿ ಅವ್ರಿಗೆ ಮಗು ಹುಟ್ಟುತ್ತೆ ಸಾರ್!"

ನೀರಿಲ್ಲ ಎಂಬ ದೂರು ಸಾಹೇಬರಿಗೆ ಹೊಸದಲ್ಲ. ಜನ ಬಿಂದಿಗೆ ತುಂಬಿಸಿಕೊಂಡು ಬಂದೇ ನೀರಿಲ್ಲ ಎನ್ನುತ್ತಾರೆ ಎಂಬುದು ಇಲಾಖೆಯ ಅನುಭವ. ಎಲ್ಲರಿಗೂ ಗಾಳಿಯ ವಿಷಯ ಹೇಳಿ ಕಳಿಸಿದರು. ಸುಮ್ಮನೆ ಇರಲಿ ಎಂದು ಕಂಪನಿಯ ಸಹಾಯವಾಣಿಗೂ ಫೋನು ಮಾಡಿದರು. "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಎಂದು ಒಂದು ಹೆಣ್ಣುದನಿ ಹೇಳಿತು. "ಧನ್ಯವಾದ ಕಣಮ್ಮ" ಎಂದರು ಸಾಹೇಬರು. ಅದು ಯಂತ್ರ ಎಂದು ಗೊತ್ತಾದ ಮೇಲೂ ಮುಕ್ಕಾಲು ಗಂಟೆ ಫೋನಿಡಲಿಲ್ಲ. ಕೊನೆಗೆ ಬಂದ ಮನುಷ್ಯ, "ಲೈನು ಸರಿಯಾಗಿದೆ ಸಾರ್, ಮಿತಿ ಹಾಕಿದೋರು ಯಾರೋ ಅವ್ರನ್ನೇ ಕೇಳಿ" ಎಂದ. ಹಾಕಿದವರು ತಾವೇ ಆದ್ದರಿಂದ ಸಾಹೇಬರು ತಮ್ಮನ್ನು ತಾವು ಕೇಳಿಕೊಂಡು ತೃಪ್ತರಾದರು.

ಅಕ್ಕನಿಗೂ ಫೋನು ಮಾಡಿದರು. ದೂರದ ಊರಿನಲ್ಲಿರುವ ಅಕ್ಕ ಎಲ್ಲವನ್ನೂ ಕೇಳಿ, "ನೀನು ನೀರು ಬಿಡ್ತಿದ್ದಾಗ್ಲೇ ನಮ್ಮ ಬೀದಿಗೆ ಬರ್ತಿರ್ಲಿಲ್ಲ. ಇನ್ನು ಇದು ಬರುತ್ತಾ?" ಎಂದು ಫೋನಿಟ್ಟರು.

ಗುಟ್ಟು ಹೊರಬಿದ್ದದ್ದು ಬುಧವಾರ. ವಯಲಿನ್ ಟೀಚರ್ ಮತ್ತೆ ಜಗಳಕ್ಕೆಂದು ಬಂದು ಹೊಸ್ತಿಲು ದಾಟಿದ್ದೇ ತಡ, ಕೈಯಲ್ಲಿದ್ದ ಫೋನು ಟಣ್ ಎಂದಿತು. ಆಮೇಲೆ ಟಣ್ ಟಣ್ ಟಣ್ ಎಂದು ನಿಲ್ಲದೆ ಹೊಡೆದುಕೊಂಡಿತು. ಎರಡು ದಿನದ ಸಂದೇಶಗಳು ಒಟ್ಟಿಗೆ ನುಗ್ಗಿ ಬಂದವು. ಇದರಲ್ಲಿ ಮಾಯೆ ಏನೂ ಇಲ್ಲ. ಹನ್ನೆರಡು ಮನೆಗೂ ವೈಫೈ ಹೆಸರು ಒಂದೇ, ಪಾಸ್‌ವರ್ಡೂ ಒಂದೇ. ಒಂದರಿಂದ ಎಂಟರವರೆಗಿನ ಅಂಕಿ.

ಟೀಚರ್ ಒಂದು ಹೆಜ್ಜೆ ಹಿಂದೆ ಹೋದರು. ಫೋನು ಸುಮ್ಮನಾಯಿತು. ಒಂದು ಹೆಜ್ಜೆ ಮುಂದೆ ಬಂದರು. ಟಣ್.

ಐದು ನಿಮಿಷದಲ್ಲಿ ಸೆಕ್ರೆಟರಿ, ವೀಡಿಯೋದವರು, ಅಜ್ಜಿ, ಇನ್ನೂ ನಾಲ್ಕಾರು ಮಂದಿ ಸಾಹೇಬರ ನಡುಮನೆಯಲ್ಲಿ ನಿಂತಿದ್ದರು.

"ನಮಗೆಲ್ಲ ತೊಟ್ಟು, ನಿಮಗೆ ಹೊಳೆ!" ಎಂದು ಸೆಕ್ರೆಟರಿ ಗುಡುಗಿದರು. "ಇಷ್ಟೊಂದು ಇಂಟರ್ನೆಟ್ ತಗೊಂಡು ಏನ್ ಮಾಡ್ತಿದೀರಾ ನೀವು? ಯಾವುದರಲ್ಲಿ ನೋಡ್ತೀರಾ? ನಿಮ್ಮ ಫೋನ್ ತೋರ್ಸಿ."

ಸಾಹೇಬರು ಫೋನು ತೋರಿಸಿದರು. ಗುಂಡಿಯ ಫೋನು. ಮೂರರ ಗುಂಡಿ ಬಿದ್ದುಹೋಗಿತ್ತು.

ತನಿಖೆ ಮುಂದುವರಿಯಿತು. ಟೀವಿ ಇರಲಿಲ್ಲ. ರೇಡಿಯೋ ಇತ್ತು. ವೀಡಿಯೋದವರು ಮಂಚದ ಕೆಳಗೂ ಬಗ್ಗಿ ನೋಡಿದರು. ಕದ್ದ ಇಂಟರ್ನೆಟ್ಟನ್ನು ಮಂಚದ ಕೆಳಗೆ ಇಡುತ್ತಾರೆಂದು ಅವರಿಗೆ ಯಾರು ಹೇಳಿದ್ದರೋ. ಸಿಕ್ಕಿದ್ದು ಒಂದು ಜೊತೆ ಗಂಬೂಟು. ಒಂದು ಕೊಡ ನೀರನ್ನೂ ಕುಡಿಯದವನ ಮೇಲೆ ಕೆರೆ ಕದ್ದ ಆರೋಪ ಹೇಗೆ ಹೊರಿಸುವುದು?

ಆಗ ಅಜ್ಜಿ ಹೊಸ ಕುರ್ಚಿಯೊಂದನ್ನು ಎಳೆದುಕೊಂಡು ಕೂತರು. "ಬಂತು! ಮೂಗು, ಬಾಯಿ, ಎಲ್ಲಾ ಬಂತು. ನಗ್ತಿದಾಳೆ!"

ಅದಾದ ಮೇಲೆ ಯಾರು ಮನೆಗೆ ಹೋಗುತ್ತಾರೆ? ಟೀಚರ್ ಅಡುಗೆಮನೆಯಲ್ಲಿ ಪಾಠ ಶುರುಮಾಡಿದರು, ಅಲ್ಲಿ ದನಿ ಚೆನ್ನಾಗಿ ಏಳುತ್ತದೆಂದು. ವೀಡಿಯೋದವರು ಮಲಗುವ ಕೋಣೆಯಲ್ಲಿ ಕಂಪ್ಯೂಟರಿನ ಪೆಟ್ಟಿಗೆಗಳನ್ನಿಟ್ಟುಕೊಂಡು ಮದುವೆ ಕಳಿಸತೊಡಗಿದರು. ಸೆಕ್ರೆಟರಿ ಬಾಲ್ಕನಿಯಲ್ಲಿ ನಿಂತು ಕಚೇರಿಯ ಮೀಟಿಂಗು ಮಾಡಿದರು. ಮೇಲೆ ಇಸ್ತ್ರಿ ಅಂಗಿ, ಕೆಳಗೆ ಲುಂಗಿ. ಜಾಗ ಸಾಲದವರು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತರು. ಸಾಹೇಬರು ಅಂಗಡಿಗೆ ಹೋಗಿ ಹನ್ನೆರಡು ಲೋಟ ತಂದರು. ಮರುದಿನ ಹಾಲಿನವನು "ಒಂದಾ?" ಎಂದಾಗ "ಆರು" ಎಂದರು. ಹಾಲಿನವನು ಬಾಗಿಲ ಸಂದಿಯಿಂದ ಒಳಗೆ ಇಣುಕಿ, "ಯಾರಾದ್ರೂ ತೀರ್ಕೊಂಡ್ರಾ ಸಾರ್?" ಎಂದು ಮೆಲ್ಲಗೆ ಕೇಳಿದ.

ಗುರುವಾರ ಮಧ್ಯಾಹ್ನ ಟೀ ಹಂಚಿ ಮುಗಿದ ಮೇಲೆ ಸೆಕ್ರೆಟರಿ ಬಾಲ್ಕನಿಯಿಂದ ಕೂಗಿದರು: "ಸಾಹೇಬ್ರೇ, ಒಂದ್ಸಲ ಅದೇನು ಅಂತ ನೋಡ್ಬಾರ್ದಾ?" ಸಾಹೇಬರು ಲ್ಯಾಪ್‌ಟಾಪು ತೆರೆದರು. ಅಜ್ಜಿ ಪಕ್ಕದಲ್ಲಿ ಕೂತು ಪರದೆಯ ಮೇಲೆ ಭೂತಕನ್ನಡಿ ಆಡಿಸಿದರು.

"ಇಲ್ಲಿ ಸಣ್ಣದಾಗಿ ಕಿಲೋ ಅಂತ ಬರ್ದಿದೆಯಲ್ಲಪ್ಪ. ನೀನು ಎಷ್ಟು ಕಿಲೋ ಹಾಕಿದೀಯ?"

ಸಾಹೇಬರು ಕನ್ನಡಿಯ ಕೆಳಗೆ ನೋಡಿದರು. ಮತ್ತೊಮ್ಮೆ ನೋಡಿದರು. ಅವರ ಕಿವಿ ಕೆಂಪಾಯಿತು. ಬೆರಳನ್ನು ಮೊದಲ ಹದಿನಾರರ ಪಕ್ಕಕ್ಕೆ ತಂದರು. ಮೂರು ಸೊನ್ನೆ ಒತ್ತಿದರೆ ಒಂದು ಮನೆ. ಹನ್ನೊಂದು ಮನೆಗೆ ಮೂವತ್ತಮೂರು ಸೊನ್ನೆ. ಎರಡು ನಿಮಿಷದ ಕೆಲಸ.

ಅಡುಗೆಮನೆಯಲ್ಲಿ ಟೀಚರ್ ಯಾರಿಗೋ ಬೈಯುತ್ತಿದ್ದರು. ಮಲಗುವ ಕೋಣೆಯಿಂದ ಯಾರದೋ ಮದುವೆಯ ಓಲಗ ಕೇಳುತ್ತಿತ್ತು. ಬಾಗಿಲ ಬಳಿ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಸಾಹೇಬರು ಅವನ್ನು ಎಣಿಸಿದರು. ಒಂಬತ್ತು ಜೊತೆ.

ಅವರು ಏನು ಯೋಚಿಸಿದರೋ ನನಗೆ ತಿಳಿಯದು. ಮಾಡಿದ್ದು ಗೊತ್ತು. ಲ್ಯಾಪ್‌ಟಾಪು ಮುಚ್ಚಿದರು. "ಇನ್ನೂ ಗಾಳಿ ಇದೆ," ಎಂದು ಗಟ್ಟಿಯಾಗಿ ಹೇಳಿದರು. ಎದ್ದು ಹೋಗಿ ಇನ್ನೊಂದು ಸಲ ಟೀಗೆ ನೀರಿಟ್ಟರು.

ಶುಕ್ರವಾರವೂ ಗಾಳಿ ಇತ್ತು. ಶನಿವಾರವೂ ಇತ್ತು. ಶನಿವಾರ ಟೀಚರ್ ತಮ್ಮ ಶಿಷ್ಯರಿಗೆ ಪರದೆಯಲ್ಲಿ ಸಾಹೇಬರನ್ನು ತೋರಿಸಿ "ಇವ್ರು ನಮ್ಮ ಸಾಹೇಬ್ರು" ಎಂದು ಪರಿಚಯಿಸಿದರು. ಹದಿನಾಲ್ಕು ಪುಟ್ಟ ಚೌಕಗಳಲ್ಲಿ ಹದಿನಾಲ್ಕು ಮುಖ ನಮಸ್ಕಾರ ಹೇಳಿದವು. ಸಾಹೇಬರು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕೈಮುಗಿದರು. ಪಾಠ ಹತ್ತು ನಿಮಿಷ ತಡವಾಯಿತು.

ಒಬ್ಬರು ಮಾತ್ರ ಆ ಮನೆಗೆ ಬರಲಿಲ್ಲ. ಮೇಲಿನ ಮಹಡಿಯ ಹನ್ನೊಂದನೆಯ ನಂಬರಿನ ನರ್ಸು. ಅವರ ಗಂಡ ಸರಕು ಹಡಗಿನಲ್ಲಿ ಎಂಜಿನ್ ಕೋಣೆಯ ಫಿಟ್ಟರು. ಹಡಗಿನಲ್ಲಿ ಇಪ್ಪತ್ತೆರಡು ಮಂದಿಗೆ ಒಂದೇ ಲೈನು. ಒಬ್ಬೊಬ್ಬರಿಗೆ ಹದಿನೈದು ದಿನಕ್ಕೊಮ್ಮೆ ನಲವತ್ತು ನಿಮಿಷ. ಇವರ ಸರದಿ ಭಾನುವಾರ ನಾಲ್ಕು ಗಂಟೆಗೆ. "ಸಾಹೇಬ್ರ ಮನೇಲಿ ಚೆನ್ನಾಗಿ ಬರುತ್ತೆ, ಅಲ್ಲೇ ಬನ್ನಿ" ಎಂದು ಸೆಕ್ರೆಟರಿ ಹೇಳಿದ್ದಕ್ಕೆ ನರ್ಸು, "ಒಂದು ಕಡೆ ನಿಮ್ಮತ್ತೆ, ಒಂದು ಕಡೆ ವಯಲಿನ್ನು. ಮಧ್ಯ ಕೂತ್ಕೊಂಡು ನಾನು ಗಂಡನ ಹತ್ರ ಏನು ಮಾತಾಡ್ಲಿ? ಭಾನುವಾರದೊಳಗೆ ಸರಿಹೋಗುತ್ತೆ ಬಿಡಿ" ಎಂದಿದ್ದರು.

ಭಾನುವಾರ ಸಂಜೆ ಐದಕ್ಕೆ ನರ್ಸು ಕೆಳಗಿಳಿದು ಬಂದರು. ಒಳ್ಳೆಯ ಸೀರೆ ಉಟ್ಟಿದ್ದರು. ಬಾಗಿಲಲ್ಲೇ ನಿಂತು ಫೋನನ್ನು ಸಾಹೇಬರ ಮುಖದ ಮುಂದೆ ಹಿಡಿದರು. ಪರದೆಯ ಮೇಲೆ ಗಡ್ಡದ ಒಬ್ಬ ಮನುಷ್ಯ. ಬಾಯಿ ಅರ್ಧ ತೆರೆದಿತ್ತು, ಏನೋ ಹೇಳಲು ಹೊರಟವನಂತೆ. ಅಲುಗಾಡುತ್ತಿರಲಿಲ್ಲ.

"ನಲವತ್ತು ನಿಮಿಷ," ಎಂದರು ನರ್ಸು. "ನಲವತ್ತು ನಿಮಿಷವೂ ಹೀಗೇ ಇದ್ರು. ಈಗ ಮಾತಾಡ್ತಾರೆ, ಈಗ ಮಾತಾಡ್ತಾರೆ ಅಂತ ನೋಡ್ತಾ ಕೂತಿದ್ದೆ. ಫೋಟೋ ತೆಗ್ದಿಟ್ಕೊಂಡು ಬಂದೆ, ನಿಮಗೆ ತೋರ್ಸೋಣ ಅಂತ."

ಅಷ್ಟರಲ್ಲಿ ಫೋನು ಆ ಮನೆಯ ವೈಫೈ ಹಿಡಿದು ಟಣ್ ಎಂದಿತು. ನರ್ಸು ಓದಿದರು. ಗಟ್ಟಿಯಾಗಿ ಓದಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. "ಸರದಿ ಮುಗೀತು. ನೀನು ಕಾಣಿಸ್ಲೇ ಇಲ್ಲ. ಹುಷಾರಾಗಿದೀಯ ತಾನೆ?"

ವಯಲಿನ್ನು ನಿಂತಿತು. ಓಲಗ ನಿಂತಿತು. ಅಜ್ಜಿ ಭೂತಕನ್ನಡಿಯನ್ನು ಕೆಳಗಿಳಿಸಿದರು. ನರ್ಸು ತಿರುಗಿ ಮೆಟ್ಟಿಲು ಹತ್ತಿ ಹೋದರು.

ಸಾಹೇಬರು ಲ್ಯಾಪ್‌ಟಾಪಿನ ಮುಂದೆ ಕೂತು ಒಂದೊಂದೇ ಸೊನ್ನೆ ಒತ್ತಿದರು. ಮೂವತ್ತಮೂರು. ತಮ್ಮ ಚೌಕದಲ್ಲೂ ಹದಿನಾರು ಸಾವಿರ ಬರೆದರು. ಆಮೇಲೆ ನಡುಮನೆಗೆ ಬಂದು, "ಸರಿಹೋಯ್ತು" ಎಂದರು.

ಮೆಟ್ಟಿಲ ಮೇಲಿನವರು ಮೊದಲು ಹೋದರು. ಟೀಚರ್ ವಯಲಿನ್ ಪೆಟ್ಟಿಗೆ ಎತ್ತಿಕೊಂಡು, "ಅಬ್ಬ! ನಿಮಗೂ ತೊಂದ್ರೆ ತಪ್ತು ಸಾಹೇಬ್ರೇ" ಎಂದರು. ವೀಡಿಯೋದವರು ಮಂಚದ ಮೇಲಿನ ಹಾಸಿಗೆಯನ್ನು ಸರಿಮಾಡಿಯೇ ಹೋದರು, ಒಳ್ಳೆಯ ಮನುಷ್ಯ. ಸೆಕ್ರೆಟರಿ ಅಲ್ಲೇ ನಿಂತು ಸುತ್ತೋಲೆ ಬರೆದರು: "ತಾಂತ್ರಿಕ ದೋಷವನ್ನು ನಿವಾರಿಸಲಾಗಿದೆ. ಸಹಕರಿಸಿದ ಎಲ್ಲರಿಗೂ, ವಿಶೇಷವಾಗಿ ಸೆಕ್ರೆಟರಿಯವರಿಗೆ, ವಂದನೆಗಳು." ಕಾಲು ಗಂಟೆಯಲ್ಲಿ ಮನೆ ಬರಿದಾಯಿತು. ಕೊನೆಗೆ ಉಳಿದವರು ಅಜ್ಜಿ. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದರು.

"ಮೂರು ಸೊನ್ನೆ ತಾನೆ?" ಎಂದರು.

ಸಾಹೇಬರು ಬೆಚ್ಚಿಬಿದ್ದರು. "ನಿಮಗೆ... ಗುರುವಾರವೇ ಗೊತ್ತಿತ್ತಾ ಅಮ್ಮ?"

"ಮೂವತ್ತು ವರ್ಷ ಗಣಿತ ಹೇಳ್ಕೊಟ್ಟಿದೀನಿ. ಕಿಲೋಗೂ ಮೆಗಾಗೂ ಎಷ್ಟು ಸೊನ್ನೆ ಅಂತ ನನಗೆ ಗೊತ್ತಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಯಾಕೆ ಒತ್ಲಿಲ್ಲ?" ಎಂದು ಅಜ್ಜಿ ಫೋನು ಎತ್ತಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, "ಆ ನರ್ಸು ಹುಡುಗಿ ವಿಷಯ ನನಗೂ ನೆನಪಾಗ್ಲಿಲ್ಲ. ತಪ್ಪಾಯ್ತು," ಎಂದರು.

ಸಾಹೇಬರು ಲೋಟಗಳನ್ನು ತೊಳೆದಿಟ್ಟು, ಅಂಗಿ ಬದಲಾಯಿಸಿ, ಮೇಲಿನ ಮಹಡಿಗೆ ಹೋದರು. ನರ್ಸು ಬಾಗಿಲು ಅರ್ಧ ತೆರೆದರು.

"ಸೊನ್ನೆ ಬಿಟ್ಟಿದ್ದು ಗೊತ್ತಿಲ್ದೆ ಆದ ತಪ್ಪು," ಎಂದರು ಸಾಹೇಬರು. "ಅದು ಸೋಮವಾರದ್ದು. ಗುರುವಾರ ನನಗೆ ಗೊತ್ತಾಯ್ತು. ಆಮೇಲಿಂದ ಇವತ್ತಿನವರೆಗೂ ಆದದ್ದು ತಪ್ಪಲ್ಲ. ಅದು ನಾನು ಬೇಕಂತಲೇ ಮಾಡಿದ್ದು."

"ಯಾಕೆ?"

"ಜನ ಬರ್ತಿದ್ರು."

ನರ್ಸು ಅವರ ಮುಖವನ್ನೇ ನೋಡಿದರು. ಸಾಹೇಬರು ಬೈಗುಳಕ್ಕೆ ಸಿದ್ಧರಾಗಿ ನಿಂತಿದ್ದರು. ಇಲಾಖೆಯಲ್ಲಿ ಖಾಲಿ ಕೊಡ ಹಿಡಿದು ಬಂದವರ ಬೈಗುಳ ತಿಂದವರಿಗೆ ಅದೇನೂ ಕಷ್ಟವಲ್ಲ. ಆದರೆ ನರ್ಸು ಬೈಯಲಿಲ್ಲ. "ಇನ್ನು ಹದಿನೈದು ದಿನ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು.

ಆ ಹದಿನೈದು ದಿನದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಕಟ್ಟಡದಲ್ಲಿ ಎಲ್ಲವೂ ಸರಾಗವಾಗಿ ಹರಿಯಿತು. ಎಲ್ಲರೂ ಅವರವರ ಮನೆಯಲ್ಲಿ ಅವರವರ ಪಾಲು ಅನುಭವಿಸುತ್ತಾ ಕೂತರು. ಯಾರಿಗೂ ದೂರಿರಲಿಲ್ಲ. ಸಾಹೇಬರ ಬಾಗಿಲನ್ನು ಯಾರೂ ಬಡಿಯಲಿಲ್ಲ. ಹಾಲು ಒಂದೇ ಬಂತು.

ಮತ್ತೆ ಭಾನುವಾರ, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ನರ್ಸು ಬಂದು ನಿಂತರು.

"ಬನ್ನಿ ಮೇಲೆ."

"ಮತ್ತೆ ನಿಂತುಹೋಯ್ತಾ?"

"ಚೆನ್ನಾಗೇ ಬರ್ತಿದೆ. ಹೋದ್ಸಲ ಯಾಕೆ ಕಾಣಿಸ್ಲಿಲ್ಲ ಅಂತ ಅವ್ರು ಕೇಳ್ತಾರೆ. ನಾನ್ಯಾಕೆ ಹೇಳ್ಬೇಕು? ನೀವೇ ಹೇಳಿ."

ಸಾಹೇಬರು ತುಂಬುತೋಳಿನ ಅಂಗಿ ಹಾಕಿಕೊಂಡು ಹೋದರು. ಫೋನನ್ನು ಮೇಜಿನ ಮೇಲೆ ಡಬ್ಬಕ್ಕೆ ಒರಗಿಸಿಟ್ಟಿದ್ದರು. ನಾಲ್ಕು ಹೊಡೆದದ್ದೇ ಗಡ್ಡದ ಮನುಷ್ಯ ಮೂಡಿದ. ಈ ಸಲ ಅಲುಗಾಡುತ್ತಿದ್ದ. ಹಿಂದೆ ಬಣ್ಣ ಬಳಿದ ದಪ್ಪ ಪೈಪುಗಳು. ಸಾಹೇಬರು ಮೆಟ್ಟಿಲು ಹತ್ತುವಾಗ ಜೋಡಿಸಿಕೊಂಡ ಕ್ಷಮಾಪಣೆಯನ್ನು ಎದ್ದು ನಿಂತು ಒಪ್ಪಿಸಿದರು. ಸೊನ್ನೆಯ ವಿಷಯ ಹೇಳಿದರು, ಗುರುವಾರದ ವಿಷಯವನ್ನೂ ಬಿಡಲಿಲ್ಲ. ಎದ್ದು ನಿಂತದ್ದರಿಂದ ಪರದೆಯಲ್ಲಿ ಅವರ ಹೊಟ್ಟೆ ಮಾತ್ರ ಕಾಣುತ್ತಿತ್ತು.

"ಕೂತ್ಕೊಳ್ಳಿ ಸಾರ್, ಮುಖ ಕಾಣ್ಲಿ," ಎಂದ ಫಿಟ್ಟರು. "ಹದಿನೈದು ದಿನ ನನಗೆ ನಿದ್ದೆ ಸರಿಯಾಗಿ ಬರ್ಲಿಲ್ಲ ಸಾರ್. ಇವಳಿಗೆ ಏನಾಯ್ತೋ ಅಂತ."

"ಗೊತ್ತು," ಎಂದರು ಸಾಹೇಬರು. ಕಣ್ಣು ಆ ಮನುಷ್ಯನ ಭುಜದ ಹಿಂದಕ್ಕೆ ಹೋಯಿತು. "ಆ ಎಡಗಡೆ ಜಾಯಿಂಟ್ ಜಿನುಗ್ತಿದೆ ಅಲ್ವಾ?"

ಫಿಟ್ಟರು ಹಿಂದೆ ತಿರುಗಿ ನೋಡಿದ. ಮತ್ತೆ ಇತ್ತ ತಿರುಗಿದಾಗ ಅವನ ಮುಖವೇ ಬದಲಾಗಿತ್ತು. "ಮೂರು ತಿಂಗಳಿಂದ ಹೇಳ್ತಿದೀನಿ ಸಾರ್, ಇಲ್ಲಿ ಯಾರೂ ನಂಬ್ತಿಲ್ಲ! ನೀವು ಪೈಪಿನ ಕೆಲಸದವ್ರಾ? ಎಷ್ಟಿಂಚಿನ ವಾಲ್ವ್ ನೋಡಿದೀರಾ?"

"ಹದಿನೆಂಟು."

"ಹದಿನೆಂಟು!"

"ಒಂದ್ಸಲ ಅದು ಅರ್ಧ ತೆರೆದು ಸಿಕ್ಕಾಕ್ಕೊಂಡುಬಿಡ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಾವು ಆರು ಜನ..."

ನರ್ಸು ಒಮ್ಮೆ ಗಡಿಯಾರ ನೋಡಿದರು. ಇನ್ನೊಮ್ಮೆ ನೋಡಿದರು. ಆರು ಜನ ಇನ್ನೂ ಗುಂಡಿಯೊಳಗೆ ಇಳಿಯುತ್ತಿರುವಾಗಲೇ ಮೇಜು ಕುಟ್ಟಿದರು.

"ಹನ್ನೊಂದು ನಿಮಿಷ ಆಯ್ತು! ನಲವತ್ತರಲ್ಲಿ ಹನ್ನೊಂದು! ಏಳಿ ಸಾಹೇಬ್ರೇ, ಏಳಿ. ಇನ್ಮೇಲೆ ನಿಮಗೆ ಐದು ನಿಮಿಷ. ಐದೇ. ಆರನೇ ನಿಮಿಷಕ್ಕೆ ನಾನೇ ಎಬ್ಬಿಸ್ತೀನಿ."

"ಕೊನೆಗೆ ಅದು ತಿರುಗ್ತಾ ಸಾರ್?" ಎಂದು ಹಡಗಿನಿಂದ ದನಿ ಕೇಳುತ್ತಿದ್ದಂತೆ 'ರಪ್' ಎಂದು ಬಾಗಿಲು ಮುಚ್ಚಿತು.

ಸಾಹೇಬರು ಕೆಳಗಿಳಿದು ಬಂದು ಹಾಳೆ ತೆಗೆದುಕೊಂಡು ಕೂತರು. ಹದಿನೆಂಟು ಇಂಚಿನ ವಾಲ್ವಿನ ಕಥೆಯನ್ನು ಪೂರ್ತಿ ಬರೆದು, ಗಡಿಯಾರ ಇಟ್ಟುಕೊಂಡು ಗೋಡೆಗೆ ಓದಿ ಹೇಳಿದರು. ಹತ್ತೊಂಬತ್ತು ನಿಮಿಷ ಬಂತು. ಮಂಗಳವಾರದ ಹೊತ್ತಿಗೆ ಹದಿನಾಲ್ಕಕ್ಕೆ ಇಳಿಸಿದರು. ಮಳೆ ಬಂದದ್ದನ್ನು ತೆಗೆದರು, ಇಂಜಿನಿಯರರು ಗುಂಡಿಗೆ ಬಿದ್ದದ್ದನ್ನು ತುಂಬ ಸಂಕಟಪಟ್ಟು ತೆಗೆದರು. ಎರಡನೆಯ ಶನಿವಾರ ಅಜ್ಜಿ ಬಂದರು. "ನಮ್ಮ ಮನೇಲಿ ನಿಧಾನ ಅಂತ ಸುಳ್ಳು ಹೇಳಿ ಬಂದಿದೀನಿ. ಓದು, ಕೇಳ್ತೀನಿ," ಎಂದು ಗಡಿಯಾರವನ್ನು ತಮ್ಮ ಕೈಗೆ ತೆಗೆದುಕೊಂಡರು.

ಸಾಹೇಬರು ಓದಿದರು. ಐದು ನಿಮಿಷ, ಹತ್ತು ಸೆಕೆಂಡು.

"ಹತ್ತು ಸೆಕೆಂಡು ಜಾಸ್ತಿ," ಎಂದರು ಅಜ್ಜಿ. "ವಾಲ್ವಿನ ಅಳತೆ ಅಂತ ಏನೋ ಇದೆಯಲ್ಲ, ಅದನ್ನ ಹೊಡೆದುಹಾಕು. ಅದೆಲ್ಲ ಯಾರಿಗೆ ಬೇಕು?"

ಸಾಹೇಬರು ಹಾಳೆಯನ್ನು ಎದೆಗೊತ್ತಿಕೊಂಡರು.

"ಅದೊಂದು ಬಿಡೋಕಾಗಲ್ಲ ಅಮ್ಮ," ಎಂದರು. "ಅವ್ರು ಕೇಳಿದ್ದೇ ಅದನ್ನ."